ಅಲ್ಲಮನಿಗೆ ಕಾಮಲತೆ, ಶೆಲ್ಡನ್‌ಗೆ ಏಮಿ: ಒಂಟಿ ಪಾತ್ರಕ್ಕೆ ಜೋಡಿ ಕಟ್ಟಿದರೆ ಸಿಟ್ಟು ಯಾಕೆ?

ಒಂದು ಹಾಸ್ಯ ಧಾರಾವಾಹಿ ಮುಗಿದು ಇಷ್ಟು ವರ್ಷವಾದ ಮೇಲೂ ಅದರ ಬಗ್ಗೆ ಜಗಳ ನಿಂತಿಲ್ಲ ಅಂದರೆ ಆ ಜಗಳದಲ್ಲಿ ಏನೋ ಹುರುಳಿದೆ. 'ದಿ ಬಿಗ್ ಬ್ಯಾಂಗ್ ಥಿಯರಿ' ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 2007ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2019ರ ಮೇ ತಿಂಗಳಲ್ಲಿ ಮುಗಿಯಿತು. 12 ಸೀಸನ್, 279 ಕಂತು. ಬಳ್ಳಾರಿಯ ಮೆಡಿಕಲ್ ಹಾಸ್ಟೆಲ್‌ನ ಹುಡುಗಿಯರು, ರಾಯಚೂರಲ್ಲಿ ರೂಮ್ ಮಾಡಿಕೊಂಡಿರುವ ಇಂಜಿನಿಯರಿಂಗ್ ಹುಡುಗರು, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಊಟದ ತಟ್ಟೆ ಎದುರು ಮೊಬೈಲ್ ನಿಲ್ಲಿಸಿಕೊಳ್ಳುವವರು, ಇವರೆಲ್ಲ ಇವತ್ತಿಗೂ ಅದರ ತುಣುಕುಗಳನ್ನು ನೋಡುತ್ತಾರೆ. ಮಾತು ಅದರ ಮುಖ್ಯ ಪಾತ್ರ ಶೆಲ್ಡನ್ ಕೂಪರ್ ಕಡೆ ತಿರುಗಿದರೆ ಸಾಕು, ಎರಡು ಗುಂಪಾಗುತ್ತದೆ. "ಏಮಿ ಬರೋ ತನಕ ಚೆನ್ನಾಗಿತ್ತು" ಅನ್ನುವವರು ಒಂದು ಕಡೆ. "ಪಾಪ, ಅವನಿಗೂ ಒಬ್ಬಳು ಸಿಕ್ಕಳಲ್ಲ" ಅನ್ನುವವರು ಇನ್ನೊಂದು ಕಡೆ.

ನಾನು ಮೊದಲ ಗುಂಪಿನವಳು. ಈ ಗುಂಪಿನ ಸಿಟ್ಟನ್ನು ಬಹಳ ಜನ ತಪ್ಪಾಗಿ ತಿಳಿದುಕೊಂಡಿದ್ದಾರೆ ಅನ್ನೋದು ನನ್ನ ಬೇಸರ. ಇವರಿಗೆ ಪ್ರೀತಿ ಅಂದರೆ ಆಗಲ್ಲ, ಇನ್ನೊಬ್ಬರ ಸುಖ ನೋಡಲಾರರು ಅಂತ ಅಂದುಕೊಳ್ಳುತ್ತಾರೆ. ವಿಷಯ ಅದಲ್ಲ. ಒಬ್ಬ ಮನುಷ್ಯ ಒಬ್ಬನೇ ಇದ್ದೂ ಪೂರ್ತಿಯಾಗಿರಬಹುದು ಅಂತ ಒಂದು ಕಥೆ ವರ್ಷಗಟ್ಟಲೆ ತೋರಿಸುತ್ತದೆ. ನಾವು ನಂಬುತ್ತೇವೆ. ಆಮೇಲೆ ಅದೇ ಕಥೆ, ಇಲ್ಲ, ಇವನಲ್ಲಿ ಒಂದು ಕೊರತೆ ಇತ್ತು, ಈಗ ನಾವು ಸರಿಮಾಡಿದೆವು ಅನ್ನುತ್ತದೆ. ಸಿಟ್ಟು ಬರುವುದು ಅಲ್ಲಿ.

ಮೊದಲು ಪಾತ್ರ ಹೇಗಿತ್ತು ನೋಡೋಣ. ಶೆಲ್ಡನ್ ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನ ಭೌತವಿಜ್ಞಾನಿ. ಸೋಫಾದಲ್ಲಿ ಅವನದೇ ಅಂತ ಒಂದು ಜಾಗ, ಬೇರೆಯವರು ಕೂತರೆ ಎಬ್ಬಿಸುತ್ತಾನೆ. ಬಾಗಿಲು ಮೂರು ಸಲ ತಟ್ಟುತ್ತಾನೆ, ಪ್ರತಿ ಸಲವೂ ಹೆಸರು ಹಿಡಿದು ಕರೆಯುತ್ತಾನೆ. ಮನೆ ಹಂಚಿಕೊಂಡಿರುವ ಲೆನರ್ಡ್ ಜೊತೆ ಲಿಖಿತ ಕರಾರು ಮಾಡಿಕೊಂಡಿದ್ದಾನೆ. ಭೌತವಿಜ್ಞಾನ, ರೈಲು, ಕಾಮಿಕ್ಸ್ ಇದ್ದರೆ ಅವನ ದಿನ ತುಂಬಿತು. ಯಾರಾದರೂ ಮೈ ಮುಟ್ಟಿದರೆ ಹಿಂದೆ ಸರಿಯುತ್ತಾನೆ. ಎರಡನೇ ಸೀಸನ್‌ನಲ್ಲಿ ಎದುರುಮನೆಯ ಪೆನ್ನಿ ಅವನ ಗೆಳೆಯರನ್ನು ಕೇಳುತ್ತಾಳೆ, ಇವನ ಒಲವು ಯಾರ ಕಡೆ, ಹುಡುಗಿಯರಾ ಹುಡುಗರಾ ಅಂತ. ಇವನಿಗೆ ಅಂಥದ್ದೇನೂ ಇಲ್ಲ ಅಂತಲೇ ನಾವು ತಿಳಿದುಕೊಂಡಿದ್ದೇವೆ ಅನ್ನುವ ಅರ್ಥದ ಉತ್ತರ ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಶೆಲ್ಡನ್ ದುಃಖದಲ್ಲಿ ಇರಲಿಲ್ಲ. ಯಾರಿಗೂ ಕಾಯುತ್ತಿರಲಿಲ್ಲ. ಹಳೆಯ ಪ್ರೇಮ ಮುರಿದು ಕಲ್ಲಾದವನೂ ಅಲ್ಲ. ಟೀವಿಯಲ್ಲಿ ಒಂಟಿಯಾಗಿ ಇರುವವರು ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಆಗಿರುತ್ತಾರೆ. ಇವನು ಯಾವುದೂ ಅಲ್ಲ, ಸುಮ್ನೆ ಹಾಗೇ ಇದ್ದ. ಜಿಮ್ ಪಾರ್ಸನ್ಸ್ ಈ ಪಾತ್ರಕ್ಕೆ ಒಟ್ಟು 4 ಎಮ್ಮಿ ಪ್ರಶಸ್ತಿ ಪಡೆದರು. ಮೊದಲನೆಯದು 2010ರಲ್ಲಿ ಬಂತು. ಆಗ ಏಮಿ ಕಥೆಯೊಳಗೆ ಕಾಲಿಟ್ಟಿದ್ದಳು ಅಷ್ಟೇ.

ಏಮಿ ಬಂದದ್ದು ಮೂರನೇ ಸೀಸನ್‌ನ ಕೊನೆಯ ಕಂತಿನಲ್ಲಿ, 2010ರ ಮೇ ತಿಂಗಳಲ್ಲಿ. ಗೆಳೆಯರಾದ ಹವರ್ಡ್ ಮತ್ತು ರಾಜ್ ಶೆಲ್ಡನ್‌ಗೆ ಗೊತ್ತಾಗದ ಹಾಗೆ ಅವನ ಹೆಸರಲ್ಲಿ ಡೇಟಿಂಗ್ ಸೈಟ್‌ನಲ್ಲಿ ಖಾತೆ ತೆರೆಯುತ್ತಾರೆ. ಕಾಫಿ ಅಂಗಡಿಯಲ್ಲಿ ಭೇಟಿ. ಅಲ್ಲಿ ಬಂದವಳು ಹೆಚ್ಚು ಕಡಿಮೆ ಇನ್ನೊಬ್ಬ ಶೆಲ್ಡನ್. ಅಮ್ಮನಿಗೆ ಕೊಟ್ಟ ಮಾತಿಗಾಗಿ ವರ್ಷಕ್ಕೊಮ್ಮೆ ಹೀಗೆ ಬರುತ್ತೇನೆ, ಮೈ ಮುಟ್ಟುವ ಮಾತೇ ಇಲ್ಲ ಅಂತ ಮೊದಲೇ ಹೇಳಿಬಿಡುತ್ತಾಳೆ. ಆ ದೃಶ್ಯ ಈಗಲೂ ನಗು ತರಿಸುತ್ತದೆ. ಇಬ್ಬರು ಒಂಟಿಗಳು ಒಬ್ಬರನ್ನೊಬ್ಬರು ಗುರುತು ಹಿಡಿದ ಹಾಗಿತ್ತು. ಅದು ಅಲ್ಲೇ ನಿಂತಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಅದು ನಿಲ್ಲಲಿಲ್ಲ. ಐದನೇ ಸೀಸನ್‌ನಲ್ಲಿ ಸಂಬಂಧಕ್ಕೂ ಒಂದು ಕರಾರುಪತ್ರ ಆಯಿತು. 2014ರ ಫೆಬ್ರವರಿಯಲ್ಲಿ ರೈಲಿನೊಳಗೆ ಮೊದಲ ಮುತ್ತು. 2015ರ ಡಿಸೆಂಬರ್‌ನಲ್ಲಿ ಇಬ್ಬರೂ ಮೊದಲ ಸಲ ಕೂಡಿದರು. 2018ರ ಮೇ ತಿಂಗಳಲ್ಲಿ ಮದುವೆ. ಒಂದೊಂದು ಹೆಜ್ಜೆಯೂ ಚಿಕ್ಕದು. ಒಂದೊಂದಕ್ಕೂ ಆ ಹೊತ್ತಿಗೆ ಒಂದು ಕಾರಣ ಇತ್ತು.

ಇದನ್ನು ನೋಡಿದಾಗ ನನಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸನ್ಯಾಸಿಯ ಕಥೆ ನೆನಪಾಗುತ್ತದೆ. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯುತ್ತದೆ. ಇಲಿಗೆ ಅಂತ ಬೆಕ್ಕು ಬಂತು. ಬೆಕ್ಕಿಗೆ ಹಾಲು ಬೇಕು ಅಂತ ಆಕಳು ಬಂತು. ಆಕಳು ನೋಡಿಕೊಳ್ಳಲು ಹೆಂಡತಿ ಬಂದಳು. ಸಂಸಾರ ಮಾಡಬೇಕು ಅಂತ ಸನ್ಯಾಸಿ ಯಾವತ್ತೂ ತೀರ್ಮಾನ ಮಾಡಲಿಲ್ಲ. ಹಾಸ್ಯ ಧಾರಾವಾಹಿ ಬರೆಯುವವರೂ ಹೀಗೇ. ಈ ಪಾತ್ರವನ್ನು ಕೆಡಿಸೋಣ ಅಂತ ಯಾರೂ ಕೂತು ಯೋಚಿಸಿರುವುದಿಲ್ಲ. ಈ ವಾರದ ಇಲಿಗೆ ಒಂದು ಬೆಕ್ಕು ಹುಡುಕಿರುತ್ತಾರೆ.

ಆ ಇಲಿ ಯಾವುದು? ಕಂತುಗಳ ಲೆಕ್ಕ. ಅಮೆರಿಕದ ದೊಡ್ಡ ಚಾನೆಲ್‌ಗಳಲ್ಲಿ ಇಂಥ ಧಾರಾವಾಹಿಗೆ ಆಗ ವರ್ಷಕ್ಕೆ ಸುಮಾರು 24 ಕಂತು ಬೇಕಿತ್ತು. ಒಂದೊಂದು ಕಂತು ಜಾಹೀರಾತು ಬಿಟ್ಟು 20 ನಿಮಿಷದ ಆಸುಪಾಸು. ಒಬ್ಬ ವಿಚಿತ್ರ ಮನುಷ್ಯ, ಅವನ ಸೋಫಾ, ಅವನ ಕರಾರು, ಇಷ್ಟರಲ್ಲೇ ಎಷ್ಟು ನಗೆ ಹುಟ್ಟಿಸಬಹುದು? ಮೂರು ನಾಲ್ಕು ವರ್ಷಕ್ಕೆ ಬಾವಿ ಬತ್ತುತ್ತದೆ. ಆಗ ಪ್ರೇಮ ಕೈಗೆ ಸಿಗುತ್ತದೆ. ಪ್ರೇಮದಲ್ಲಿ 'ಮುಂದೇನು' ಅನ್ನುವ ಪ್ರಶ್ನೆ ತಾನಾಗಿ ಇರುತ್ತದೆ. ಮುತ್ತು ಕೊಡುತ್ತಾನಾ, ಜಗಳ ಆಗುತ್ತದಾ, ಮದುವೆ ಯಾವಾಗ, ಇಷ್ಟರಲ್ಲೇ ಎಂಟು ವರ್ಷ ಓಡಿಸಬಹುದು. ಓಡಿಸಿದರು ಕೂಡ. 2013-14ರ ಸೀಸನ್‌ನಲ್ಲಿ ಅದನ್ನು ಅಮೆರಿಕದಲ್ಲಿ ಸರಾಸರಿ 2 ಕೋಟಿಯ ಹತ್ತಿರ ಜನ ನೋಡುತ್ತಿದ್ದರು. ರೈಲಿನ ಮುತ್ತು ಅದೇ ಸೀಸನ್‌ನದು. ಹಣದ ಲೆಕ್ಕದಲ್ಲಿ ಬರಹಗಾರರು ಸೋತರು ಅಂತ ಯಾರೂ ಹೇಳುವ ಹಾಗಿಲ್ಲ.

ಆದರೆ ಇದೇ ದಾರಿ, ಬೇರೆ ದಾರಿ ಇಲ್ಲ ಅನ್ನೋದು ಸುಳ್ಳು. 1989ರಿಂದ 1998ರ ತನಕ ನಡೆದ ಅಮೆರಿಕದ ಹಾಸ್ಯ ಧಾರಾವಾಹಿ 'ಸೈನ್‌ಫೆಲ್ಡ್' ನೋಡಿ. ಯಾರೂ ಅಪ್ಪಿಕೊಂಡು ಕಣ್ಣೀರಿಡಬಾರದು, ಯಾರೂ ಪಾಠ ಕಲಿಯಬಾರದು ಅಂತ ಅದನ್ನು ಕಟ್ಟಿದವರಲ್ಲೊಬ್ಬರಾದ ಲ್ಯಾರಿ ಡೇವಿಡ್ ಇಟ್ಟ ನಿಯಮದ ಮೇಲೆ ಅದು ನಿಂತಿತ್ತು. 9 ಸೀಸನ್ ಹಾಗೇ ನಡೆಯಿತು. ನಾಲ್ಕು ಮುಖ್ಯ ಪಾತ್ರಗಳು ಕೊನೆಗೂ ಒಂಟಿಗಳಾಗಿಯೇ ಉಳಿದವು. ಜನ ಬಿಟ್ಟು ಹೋಗಲಿಲ್ಲ.

ಬಿಗ್ ಬ್ಯಾಂಗ್‌ನಲ್ಲಿ ಇನ್ನೊಂದು ವಿಚಿತ್ರ ಇದೆ, ಅದರ ಬಗ್ಗೆ ಜಾಸ್ತಿ ಮಾತಾಗುವುದಿಲ್ಲ. ಮೊದಲ ದಿನದಿಂದ ಪ್ರೀತಿ ಬೇಕು, ಹೆಂಡತಿ ಬೇಕು ಅಂತ ಹಂಬಲಿಸಿದವನು ರಾಜ್. ಬೇಡವೇ ಬೇಡ ಅಂತಿದ್ದವನು ಶೆಲ್ಡನ್. ಕೊನೆಯ ಕಂತಿಗೆ ಬರುವಾಗ ಶೆಲ್ಡನ್‌ಗೆ ಮದುವೆಯಾಗಿದೆ, ಲೆನರ್ಡ್‌ಗೆ ಆಗಿದೆ, ಹವರ್ಡ್‌ಗೆ ಆಗಿದೆ. ರಾಜ್ ಒಬ್ಬನೇ ಉಳಿದಿದ್ದಾನೆ. ಯಾವ ಪಾತ್ರಕ್ಕೆ ಏನು ಬೇಕು ಅಂತ ಆ ಪಾತ್ರವನ್ನೇ ಕೇಳಿದ್ದರೆ ಹೀಗಾಗುತ್ತಿರಲಿಲ್ಲ.

ಕನ್ನಡದ ಧಾರಾವಾಹಿಗಳಲ್ಲಿ ಮದುವೆ ಇಲ್ಲದೆ ಕಥೆಯೇ ಇಲ್ಲ, ಅಲ್ಲಿ ಯಾಕೆ ಈ ಸಿಟ್ಟಿಲ್ಲ ಅಂತ ಯಾರಾದರೂ ಕೇಳಬಹುದು. ಈಟೀವಿ ಕನ್ನಡದಲ್ಲಿ ಬರುತ್ತಿದ್ದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಎರಡರಲ್ಲೂ ಗಂಡ ಹೆಂಡತಿಯ ಮನೆಯೇ ನಗೆಯ ಬೇರು. ಈಗಿನ ಮೆಗಾ ಧಾರಾವಾಹಿಗಳಲ್ಲಿ, ನಾನು ಜನ್ಮದಲ್ಲಿ ಮದುವೆ ಆಗಲ್ಲ ಅಂತ ಸಿಡಿಮಿಡಿ ಮಾಡುವ ಸಾಹುಕಾರ ಬಂದರೆ, ನೂರನೇ ಕಂತಿನೊಳಗೆ ಇವನ ತಲೆಗೆ ಬಾಸಿಂಗ ಗ್ಯಾರಂಟಿ ಅಂತ ಮನೆಮಂದಿಗೆಲ್ಲ ಗೊತ್ತು. ಪ್ರೋಮೋದಲ್ಲೇ ಹೇಳಿರುತ್ತಾರೆ. ಅಲ್ಲಿ ಒಂಟಿತನ ಅನ್ನೋದು ತೆಗೆಯಲೆಂದೇ ಹಾಕಿದ ಬೀಗ. ನೋಡುವವರಿಗೂ ಬರೆಯುವವರಿಗೂ ಮೊದಲೇ ಒಪ್ಪಂದ ಆಗಿರುವುದರಿಂದ ಮೋಸ ಹೋದೆವು ಅಂತ ಅನಿಸುವುದಿಲ್ಲ. ಶೆಲ್ಡನ್ ವಿಷಯದಲ್ಲಿ ಇದ್ದ ಒಪ್ಪಂದವೇ ಬೇರೆ. ಮೂರು ಸೀಸನ್ ಅದನ್ನು ಕೈಬಿಡದೆ ನಡೆಸಿ, ಆಮೇಲೆ ಹೇಳದೆ ಕೇಳದೆ ಬದಲಿಸಿದರು.

ಬದಲಾದದ್ದು ಶೆಲ್ಡನ್ ಒಬ್ಬನೇ ಅಲ್ಲ. ಏಮಿಯ ಪಾತ್ರಕ್ಕೆ ಆದ ಅನ್ಯಾಯ ಇನ್ನೂ ದೊಡ್ಡದು ಅಂತ ನನಗೆ ಅನಿಸುತ್ತದೆ. ಮುಟ್ಟುವ ಮಾತೇ ಬೇಡ ಅಂತ ತಲೆ ಎತ್ತಿ ಹೇಳಿ ಬಂದ ವಿಜ್ಞಾನಿ ಹೆಣ್ಣುಮಗಳು, ಒಂದೆರಡು ಸೀಸನ್‌ನಲ್ಲಿ ಅವನ ಒಂದು ಸ್ಪರ್ಶಕ್ಕಾಗಿ ಹಾತೊರೆಯುವವಳಾದಳು. ನಗೆ ಎಲ್ಲಿಂದ ಬರುತ್ತಿತ್ತು? ಅವಳ ಆ ಕಾಯುವಿಕೆಯಿಂದ. ಅವನು ನಿರಾಕರಿಸುತ್ತಾನೆ, ಅವಳ ಮುಖ ಬಾಡುತ್ತದೆ, ಹಿಂದಿನಿಂದ ನಗುವಿನ ಸದ್ದು. ಹೆಣ್ಣೊಬ್ಬಳು ವರ್ಷಗಟ್ಟಲೆ ಬೇಡುವುದು ನಗೆಯ ವಸ್ತು ಆಗಬಾರದು. ಏಮಿ ಪಾತ್ರ ಮಾಡಿದ ಮಯಿಮ್ ಬಿಯಾಲಿಕ್ ನಿಜಜೀವನದಲ್ಲೂ ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. ಎಂಥ ಪಾತ್ರ ಕೊಟ್ಟರೂ ತೂಗಿಸಬಲ್ಲ ನಟಿ. ಪೆನ್ನಿ ಜೊತೆ ಏಮಿಯ ಗೆಳೆತನ ಬೆಳೆದ ದೃಶ್ಯಗಳಲ್ಲಿ ಅದು ಕಾಣುತ್ತದೆ. ಅಂಥವರಿಗೆ ಕಾಯುವ ಕೆಲಸ ಜಾಸ್ತಿ ಆಯಿತು. ಶೆಲ್ಡನ್ ಕಡೆಯೂ ಅಷ್ಟೇ. ಮೊದಲು ಅವನು ಮುಟ್ಟಿಸಿಕೊಳ್ಳದಿರುವುದು ಅವನ ಸ್ವಭಾವ. ಏಮಿ ಕಾಯತೊಡಗಿದ ಮೇಲೆ ಅದೇ ಸ್ವಭಾವ ಕಲ್ಲುಮನಸ್ಸಿನ ಹಾಗೆ ಕಂಡಿತು. ಆಮೇಲೆ ಅದೇ ಒಂದು ಕಾಯಿಲೆಯ ಹಾಗೆ ಕಂಡಿತು. ಇಬ್ಬರಿಗೂ ನಷ್ಟ.

ಹಂಪಿಯಲ್ಲಿ ಎರಡು ಅಲ್ಲಮ

ಈ ಜಗಳ ಅಮೆರಿಕದಲ್ಲಿ ಹುಟ್ಟಿದ್ದು ಅಂತ ಅನ್ನುವವರಿಗೆ ನಾನು ಹಂಪಿಯನ್ನು ತೋರಿಸುತ್ತೇನೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಗುವ ತನಕ ಅದು ನಮ್ಮ ಬಳ್ಳಾರಿ ಜಿಲ್ಲೆಯ ಊರೇ. ಅಲ್ಲಿ ವಿರೂಪಾಕ್ಷನ ಭಕ್ತನಾಗಿದ್ದ ಕವಿ ಹರಿಹರ, ಸುಮಾರು 1200ರ ಹೊತ್ತಿಗೆ, ಅಲ್ಲಮಪ್ರಭುವಿನ ಮೇಲೆ ರಗಳೆ ಬರೆದ. ಆ ಕಥೆಯ ಅಲ್ಲಮ ಮದ್ದಳೆ ನುಡಿಸುವವನು. ಕಾಮಲತೆ ಅನ್ನುವವಳನ್ನು ಪ್ರೀತಿಸುತ್ತಾನೆ. ಇಬ್ಬರೂ ಲೋಕ ಮರೆತು ಬದುಕುತ್ತಾರೆ. ಅವಳು ಜ್ವರ ಬಂದು ಸಾಯುತ್ತಾಳೆ. ಅಲ್ಲಮ ಹುಚ್ಚು ಹಿಡಿದವನ ಹಾಗೆ ಅಲೆಯುತ್ತಾನೆ. ಒಂದು ದಿನ ನೆಲದಿಂದ ಮೇಲೆದ್ದ ಕಳಶ ಕಾಣುತ್ತದೆ, ಅಗೆಸುತ್ತಾನೆ, ಒಳಗೆ ಗುಡಿ, ಗುಡಿಯಲ್ಲಿ ಅನಿಮಿಷಯ್ಯ ಅನ್ನುವ ಯೋಗಿ. ಅವನ ಕೈಯಿಂದ ಲಿಂಗ ಬರುತ್ತದೆ. ಅಲ್ಲಿಂದ ಮುಂದೆ ನಾವು ಬಲ್ಲ ಅಲ್ಲಮ.

ಎರಡು ಶತಮಾನ ದಾಟಿ, ಸುಮಾರು 1430ರಲ್ಲಿ, ಅದೇ ಹಂಪಿಯಲ್ಲಿ, ಪ್ರೌಢದೇವರಾಯನ ಕಾಲದಲ್ಲಿ ಚಾಮರಸ 'ಪ್ರಭುಲಿಂಗಲೀಲೆ' ಬರೆದ. ಇವನ ಅಲ್ಲಮ ಯಾರಿಗೂ ಸಿಗುವುದಿಲ್ಲ. ಪಾರ್ವತಿ ತನ್ನ ಒಂದು ಅಂಶವನ್ನೇ ಮಾಯೆಯಾಗಿ ಭೂಮಿಗೆ ಕಳಿಸುತ್ತಾಳೆ. ಆಕೆ ಬನವಾಸಿಯಲ್ಲಿ ರಾಜಕುಮಾರಿಯಾಗಿ ಹುಟ್ಟುತ್ತಾಳೆ. ಅಲ್ಲಮ ಇಲ್ಲೂ ಮದ್ದಳೆ ನುಡಿಸುತ್ತಾನೆ, ಮಾಯೆ ಮನಸೋಲುತ್ತಾಳೆ, ಅವನನ್ನು ಗೆಲ್ಲಲು ಏನೆಲ್ಲ ಮಾಡುತ್ತಾಳೆ. ಅವನು ಹತ್ತಿರ ಇದ್ದೂ ಕೈಗೆ ಸಿಗುವುದಿಲ್ಲ. ಕೊನೆಗೆ ಮಾಯೆ ಸೋತು ಹಿಂದಿರುಗುತ್ತಾಳೆ. ಹುಟ್ಟಿ ಸಾಯುವವರ ಕಥೆ ಅಲ್ಲ ಇದು ಅಂತ ಚಾಮರಸ ಕಾವ್ಯದ ಮೊದಲಲ್ಲೇ ಹೇಳಿಬಿಡುತ್ತಾನೆ.

ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಉತ್ತರದ ಹಾಗೆ ಕಾಣುತ್ತದೆ. ನಮ್ಮ ಅಲ್ಲಮನಿಗೆ ಪ್ರೇಯಸಿಯಾ, ಸಾಧ್ಯವೇ ಇಲ್ಲ ಅನ್ನುವ ದನಿ ಅದರಲ್ಲಿದೆ. ಒಂದು ಪಾತ್ರವನ್ನು ತಮ್ಮದು ಅಂತ ಎದೆಗೆ ಹಚ್ಚಿಕೊಂಡವರು ಹಿಂದಿನವರ ಕಥೆಯನ್ನು ಒಪ್ಪದೆ ತಾವೇ ಇನ್ನೊಂದು ಬರೆಯುವುದು ಈ ಕಾಲದ ಹುಚ್ಚಲ್ಲ.

ನನಗೆ ಹರಿಹರನ ಅಲ್ಲಮನೂ ಇಷ್ಟ. ಅಲ್ಲಿ ಪ್ರೀತಿ ಮೊದಲು ಬರುತ್ತದೆ, ಒಂಟಿತನ ಆಮೇಲೆ. ಪ್ರೀತಿ ಅವನನ್ನು ಸರಿಮಾಡಲು ಬರುವುದಿಲ್ಲ, ಅವನನ್ನು ಒಡೆಯಲು ಬರುತ್ತದೆ. ಒಡೆದ ಮೇಲೆ ಎದ್ದು ಬಂದ ಅಲ್ಲಮ ಯಾವ ಹೆಣ್ಣಿನ ಹಿಂದೆಯೂ ಹೋಗುವುದಿಲ್ಲ. ಹಾಗಾಗಿ ಕಾಮಲತೆಯ ಕಥೆ ಅವನ ಒಂಟಿತನವನ್ನು ಅಳಿಸುವುದಿಲ್ಲ. ಆದರೆ ಅದು ಬೇರೊಂದು ಕೆಲಸ ಮಾಡುತ್ತದೆ. ಅವನ ಒಂಟಿತನಕ್ಕೆ ಒಂದು ಕಾರಣ ಕೊಡುತ್ತದೆ. ಅವಳು ಸತ್ತಳು, ಆದ್ದರಿಂದ ಇವನು ಹೀಗಾದ. ಚಾಮರಸನಿಗೆ ಆ 'ಆದ್ದರಿಂದ' ಬೇಕಿರಲಿಲ್ಲ. ಅವನ ಅಲ್ಲಮ ಯಾವ ಕಾರಣಕ್ಕೂ ಹಾಗಾದವನಲ್ಲ, ಇರುವುದೇ ಹಾಗೆ.

ನೋಡುಗರ ಸಿಟ್ಟನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸ ತುಂಬ ಸಹಾಯ ಮಾಡುತ್ತದೆ. ಒಂಟಿ ಪಾತ್ರವನ್ನು ಕಂಡಾಗ ಬರಹಗಾರರು ಎರಡು ಕೆಲಸಕ್ಕೆ ಕೈಹಾಕುತ್ತಾರೆ. ಒಂದು, ಒಂಟಿತನಕ್ಕೆ ಕಾರಣ ಹುಡುಕುವುದು. ಇನ್ನೊಂದು, ಅದಕ್ಕೆ ಮದ್ದು ಹುಡುಕುವುದು. ಕಾರಣ ಹುಡುಕಿದರೆ ಪಾತ್ರದ ಆಳ ಹೆಚ್ಚಲೂಬಹುದು, ಹರಿಹರನಲ್ಲಿ ಹೆಚ್ಚಿದೆ. ಮದ್ದು ಹುಡುಕಿದರೆ ಪಾತ್ರವೇ ಕರಗಿಹೋಗುತ್ತದೆ.

ಹಾಗಾದರೆ ಒಂಟಿಯಾಗಿ ಇರುವವನಿಗೆ ಮದುವೆ ಮಾಡಿಸುವ ಕಥೆ ಯಾವತ್ತೂ ಕೂಡುವುದಿಲ್ಲವಾ? ಕೂಡುತ್ತದೆ. ಅದಕ್ಕೂ ಹಂಪಿಯಲ್ಲೇ ಸಾಕ್ಷಿ ಇದೆ. ವಿರೂಪಾಕ್ಷ ಬೂದಿ ಬಳಿದುಕೊಂಡ ವಿರಾಗಿ. ಪಂಪಾದೇವಿ ತಪಸ್ಸು ಮಾಡಿ ಅವನನ್ನು ಒಲಿಸಿಕೊಂಡಳು ಅಂತ ಸ್ಥಳದ ಕಥೆ. ಮಾರ್ಗಶಿರದಲ್ಲಿ ಫಲಪೂಜೆ, ಅಂದರೆ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ, ತೇರು. ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ವಿರಾಗಿಯನ್ನು ಸಂಸಾರಿ ಮಾಡಿದಿರಲ್ಲ ಅಂತ ಯಾರೂ ಮುಖ ಗಂಟಿಕ್ಕುವುದಿಲ್ಲ. ಯಾಕೆಂದರೆ ಆ ಮದುವೆಯಿಂದ ಶಿವ ಬದಲಾಗಲಿಲ್ಲ. ಬೂದಿ ತೊಳೆದುಕೊಳ್ಳಲಿಲ್ಲ, ಸ್ಮಶಾನ ಬಿಡಲಿಲ್ಲ. ಇರುವ ಹಾಗೇ ಇರುವವನನ್ನು ಬಯಸಿ ಪಂಪೆ ಬಂದಳು. ಅವನು ಬದಲಾಗಲಿ ಅಂತ ಅವಳು ತಪಸ್ಸು ಮಾಡಲಿಲ್ಲ.

ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ಆನೆಗೊಂದಿ ಹತ್ತಿರ ಅಂಜನಾದ್ರಿ ಬೆಟ್ಟ, 575 ಮೆಟ್ಟಿಲು. ಹನುಮಂತ ಹುಟ್ಟಿದ್ದು ಇಲ್ಲೇ ಅಂತ ನಮ್ಮ ಜನರ ನಂಬಿಕೆ. ವರ್ಷಕ್ಕೊಮ್ಮೆ ಹನುಮಮಾಲೆ ಹಾಕಿದವರು ಕೇಸರಿ ಬಟ್ಟೆಯಲ್ಲಿ ಸಾಲುಗಟ್ಟಿ ಹತ್ತುತ್ತಾರೆ. ಈ ಒಬ್ಬ ದೇವರಿಗೆ ಯಾಕೆ ಜೋಡಿ ಇಲ್ಲ ಅಂತ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಥಾಯ್ಲೆಂಡ್‌ನ ರಾಮಾಯಣದಲ್ಲಿ ಹನುಮಂತನಿಗೆ ಪ್ರೇಮಕಥೆಗಳಿವೆ, ಅಲ್ಲಿನವರಿಗೆ ಅದೇ ಸರಿ. ಇಲ್ಲಿ ಅವನು ಬ್ರಹ್ಮಚಾರಿ, ಆದರೂ ಒಂಟಿ ಅಂತ ಯಾರಿಗೂ ಅನಿಸುವುದಿಲ್ಲ. ರಾಮನಿದ್ದಾನೆ, ಸುಗ್ರೀವನಿದ್ದಾನೆ, ಮಾಡಲು ಕೆಲಸ ಇದೆ. ಹೊಳೆಯ ಆಚೆ ಒಂದು ಕಲ್ಯಾಣೋತ್ಸವ, ಈಚೆ ಒಬ್ಬ ಬ್ರಹ್ಮಚಾರಿ. ಎರಡಕ್ಕೂ ಕೈಮುಗಿಯುವ ಜನ ನಾವು.

ಮನೆ ಬಾಡಿಗೆಗೆ ಕೇಳಿ ನೋಡಿ

ದೇವರ ವಿಷಯದಲ್ಲಿ ಇರುವ ಈ ದೊಡ್ಡ ಮನಸ್ಸು ಮನುಷ್ಯರ ವಿಷಯಕ್ಕೆ ಬಂದರೆ ಮಾಯ. ಬಳ್ಳಾರಿಯ ಗಾಂಧಿನಗರದಲ್ಲಿರಲಿ, ರಾಯಚೂರಿನ ಯಾವುದೇ ಬಡಾವಣೆಯಲ್ಲಿರಲಿ, ಮೂವತ್ತು ದಾಟಿದ, ಮದುವೆಯಾಗದ ಹೆಣ್ಣುಮಗಳೊಬ್ಬಳು ಬಾಡಿಗೆ ಮನೆ ಕೇಳಿಕೊಂಡು ಹೋಗಲಿ. ಮೊದಲ ಪ್ರಶ್ನೆ ಸಂಬಳದ ಬಗ್ಗೆ ಇರುವುದಿಲ್ಲ. "ಮನೆಯವರು ಏನ್ ಮಾಡ್ತಾರ್ರಿ?" ಇಲ್ಲ ಅಂದರೆ, "ಫ್ಯಾಮಿಲಿಗೆ ಮಾತ್ರ ಕೊಡೋದು." ಗಂಡಸರಿಗೂ ಇದೇ ಗತಿ. ಮದುವೆ ಮನೆಗೆ ಹೋದರೆ ಚಿಗವ್ವ ಕೈ ಹಿಡಿದು ಕೇಳುತ್ತಾಳೆ, "ಏನವಾ, ನಮಗ ಯಾವಾಗ ಊಟ ಹಾಕಸ್ತಿ?" ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಪ್ರೀತಿಯಿಂದಲೇ ಕೇಳುತ್ತಾಳೆ. ಆದರೆ ಆ ಪ್ರಶ್ನೆಯ ಕೆಳಗೆ ಒಂದು ನಂಬಿಕೆ ಕೂತಿದೆ. ನೀನು ಈಗ ಇರುವುದು ಅರ್ಧ, ಇನ್ನರ್ಧ ಬರಬೇಕು ಅಂತ.

ಇಂಥ ಊರಲ್ಲಿ ರಾತ್ರಿ ಮೊಬೈಲ್‌ನಲ್ಲಿ ಒಬ್ಬ ಶೆಲ್ಡನ್ ಕಂಡರೆ ಅದು ಬರೀ ನಗೆ ಅಲ್ಲ. ಸಿಂಧನೂರು ಕಡೆಯ ನನ್ನ ಗೆಳತಿಯೊಬ್ಬಳಿಗೆ ಮದುವೆಯ ಮನಸ್ಸಿಲ್ಲ. ಯಾವತ್ತೂ ಇರಲಿಲ್ಲ. ಯಾರ ಮೇಲೂ ಸೆಳೆತ ಹುಟ್ಟಲಿಲ್ಲ, ಅದಕ್ಕಾಗಿ ಅವಳಿಗೆ ಬೇಸರವೂ ಇಲ್ಲ. ಶೆಲ್ಡನ್‌ನನ್ನು ಅವಳು ನೋಡುತ್ತಿದ್ದದ್ದು ಯಾಕೆ ಅಂದರೆ, ಅವನ ಗೆಳೆಯರು ಅವನನ್ನು ರೇಗಿಸಿದರೂ ಬಿಟ್ಟು ಹೋಗುತ್ತಿರಲಿಲ್ಲ. ಅವನು ಇದ್ದ ಹಾಗೇ ಊಟಕ್ಕೆ ಕರೆಯುತ್ತಿದ್ದರು. ರೈಲಿನ ಮುತ್ತಿನ ಕಂತು ನೋಡಿ ಅವಳು ಹೇಳಿದ ಮಾತು ನನಗೆ ಈಗಲೂ ಚುಚ್ಚುತ್ತದೆ: "ಇವನೂ ಕೊನೆಗೆ ನಮ್ಮ ದೊಡ್ಡಮ್ಮ ಹೇಳಿದ ಹಾಗೇ ಆದ." ಎಲ್ಲಾ ಶುರುವಿಗೆ ಹೀಗೇ ಅಂತಾರ, ಆಮೇಲೆ ಸರಿ ಹೋಗ್ತಾರ ಅನ್ನುವುದು ಆ ದೊಡ್ಡಮ್ಮನ ಮಾತು. ಧಾರಾವಾಹಿ ಅದಕ್ಕೇ ಮುದ್ರೆ ಒತ್ತಿತ್ತು.

ಕಾಮದ ಕಡೆ ಸೆಳೆತ ಇಲ್ಲದ, ಅಥವಾ ತುಂಬ ಕಡಿಮೆ ಇರುವ ಜನ ಲೋಕದಲ್ಲಿದ್ದಾರೆ. ಏಸೆಕ್ಷುವಲ್ ಅಂತ ತಮ್ಮನ್ನು ಗುರುತಿಸಿಕೊಳ್ಳುವವರು ಇವರು. ಅದು ರೋಗವಲ್ಲ. ತೆರೆಯ ಮೇಲೆ ಇವರಂಥ ಪಾತ್ರಗಳು ಬೆರಳೆಣಿಕೆಯಷ್ಟು. ಅದಕ್ಕೇ ಇದ್ದದ್ದೊಂದನ್ನು ಕಿತ್ತುಕೊಂಡರೆ ಅಷ್ಟು ನೋವು. ಜಗ್‌ಹೆಡ್ ಕಥೆ ಕೇಳಿ. ಆರ್ಚಿ ಕಾಮಿಕ್ಸ್‌ನಲ್ಲಿ 1941ರಿಂದ ಇರುವ ಪಾತ್ರ, ಹುಡುಗಿಯರಿಗಿಂತ ಬರ್ಗರ್ ಮೇಲೆ ಪ್ರಾಣ. 2016ರಲ್ಲಿ ಬರಹಗಾರ ಚಿಪ್ ಝ್ದಾರ್ಸ್ಕಿ ಅವನು ಏಸೆಕ್ಷುವಲ್ ಅಂತ ಕಾಮಿಕ್ಸ್‌ನಲ್ಲೇ ಸ್ಪಷ್ಟ ಮಾಡಿದರು. ಮರುವರ್ಷ ಬಂದ 'ರಿವರ್‌ಡೇಲ್' ಧಾರಾವಾಹಿಯಲ್ಲಿ ಅವನನ್ನು ಬೆಟ್ಟಿ ಅನ್ನುವ ಹುಡುಗಿಗೆ ಜೋಡಿ ಮಾಡಿದರು. ಆ ಪಾತ್ರ ಮಾಡಿದ ಕೋಲ್ ಸ್ಪ್ರೌಸ್ ಕೂಡ ಕಾಮಿಕ್ಸ್‌ನಲ್ಲಿ ಇದ್ದ ಹಾಗೇ ಇರಲಿ ಅಂತ ಬಯಸಿದ್ದರು. ಆಗಲಿಲ್ಲ.

ಷರ್ಲಾಕ್ ಹೋಮ್ಸ್‌ಗೂ ಇದು ತಪ್ಪಲಿಲ್ಲ. ನಟ ವಿಲಿಯಂ ಜಿಲೆಟ್ ನಾಟಕ ಬರೆಯುವಾಗ, ಹೋಮ್ಸ್‌ಗೆ ಮದುವೆ ಮಾಡಿಸಬಹುದಾ ಅಂತ ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್‌ಗೆ ತಂತಿ ಕಳಿಸಿದ. ಮದುವೆಯಾದರೂ ಮಾಡಿಸು, ಕೊಂದಾದರೂ ಹಾಕು, ನಿನ್ನಿಷ್ಟ ಅನ್ನುವ ಅರ್ಥದ ಉತ್ತರ ಬಂತು. 1899ರ ಆ ನಾಟಕದ ಕೊನೆಗೆ ಹೋಮ್ಸ್ ಒಬ್ಬ ಹುಡುಗಿಯ ತೋಳಲ್ಲಿ. ಡಾಯ್ಲ್ ಅಷ್ಟರೊಳಗೆ ಹೋಮ್ಸ್ ಬಗ್ಗೆ ಬೇಸತ್ತು 1893ರಲ್ಲೇ ಅವನನ್ನು ಕಥೆಯಲ್ಲಿ ಸಾಯಿಸಿದ್ದ. ಬರೆದವನಿಗೆ ಸಾಕಾಗಿರಬಹುದು. ಓದುವವರಿಗೆ ಸಾಕಾಗಿರಲಿಲ್ಲ.

ಇನ್ನು ಎರಡನೇ ಗುಂಪಿನವರ ಮಾತು. ಅವರಲ್ಲಿ ಒಂದು ವಾದವನ್ನು ನಾನು ತಳ್ಳಿಹಾಕಲಾರೆ. ಶೆಲ್ಡನ್‌ಗೆ ಆಟಿಸಂ ಇದೆ ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಆದರೂ ಆಟಿಸಂ ಇರುವ ಎಷ್ಟೋ ನೋಡುಗರು, ಅವರ ಅಪ್ಪ ಅಮ್ಮಂದಿರು, ಅವನಲ್ಲಿ ತಮ್ಮನ್ನು ಕಂಡಿದ್ದಾರೆ. ಇಂಥವರಿಗೆ ಪ್ರೀತಿ ಮಾಡಲು ಬರುವುದಿಲ್ಲ, ಇಂಥವರನ್ನು ಯಾರು ಪ್ರೀತಿಸುತ್ತಾರೆ ಅಂತ ಲೋಕ ಅವರಿಗೆ ಹೇಳುತ್ತಲೇ ಬಂದಿದೆ. ಅವರಿಗೆ ಶೆಲ್ಡನ್‌ನ ಮದುವೆ ಒಂದು ಗೆಲುವು. ಆ ಖುಷಿಯನ್ನು ನಾನು ಯಾವ ಬಾಯಿಂದ ತಪ್ಪು ಅನ್ನಲಿ? ಬೇರೆ ಥರದ ಮನಸ್ಸು ಇರುವವರೆಲ್ಲ ಒಂಟಿಯಾಗಿಯೇ ಇರಬೇಕು ಅನ್ನುವುದು ಇನ್ನೊಂದು ರೀತಿಯ ಬೇಲಿ.

ಹಾಗಾಗಿ ಶೆಲ್ಡನ್‌ಗೆ ಪ್ರೇಮ ಬರಲೇಬಾರದಿತ್ತು ಅಂತ ನಾನು ಹೇಳುವುದಿಲ್ಲ. ಯಾರು ಯಾರ ಕಡೆಗೆ ನಡೆದರು ಅನ್ನೋದು ನನ್ನ ಪ್ರಶ್ನೆ. ಅವನ ಕರಾರು, ಅವನ ಅಂತರ, ಅವನ ಮೌನ ಉಳಿಸಿಕೊಂಡೇ ಇಬ್ಬರೂ ಜೊತೆಯಾಗಿ ಬದುಕುವ ಹೊಸ ಬಗೆಯೊಂದನ್ನು ಕಂಡುಕೊಂಡಿದ್ದರೆ ಎರಡೂ ಗುಂಪಿಗೆ ಸಲ್ಲುತ್ತಿತ್ತು. 'ಬೊಜಾಕ್ ಹಾರ್ಸ್‌ಮನ್' ಅನ್ನುವ ಅನಿಮೇಷನ್ ಧಾರಾವಾಹಿ ಇದನ್ನು ಮಾಡಿ ತೋರಿಸಿದೆ. ಅದರಲ್ಲಿ ಟಾಡ್ ಅನ್ನುವ ಹುಡುಗ ತಾನು ಏಸೆಕ್ಷುವಲ್ ಅಂತ 2017ರ ಸೀಸನ್‌ನಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಅವನಿಗೂ ಜೊತೆ ಸಿಗುತ್ತದೆ, ತನ್ನಂಥವಳೇ. ಅವನನ್ನು ಯಾರೂ ಸರಿಮಾಡುವುದಿಲ್ಲ. ಆ ಕಥೆಗೆ ಸಿಟ್ಟಾದ ನೋಡುಗರನ್ನು ನಾನು ಕಂಡಿಲ್ಲ.

ಬಿಗ್ ಬ್ಯಾಂಗ್‌ನಲ್ಲಿ ಶೆಲ್ಡನ್ ಮತ್ತು ಏಮಿ ನಡುವೆ ಅಂಥ ಹೊಸ ಬಗೆ ಬೆಳೆಯುವ ಅವಕಾಶ ಇತ್ತು. ಇಬ್ಬರೂ ವಿಜ್ಞಾನಿಗಳು. ಕೊನೆಗೆ ನೊಬೆಲ್ ಗೆದ್ದದ್ದೂ ಇಬ್ಬರೂ ಸೇರಿ ಮಾಡಿದ ಕೆಲಸಕ್ಕೇ. ಒಂದೇ ಹಲಗೆಯ ಎದುರು ಎರಡು ತಲೆಗಳು ಕೂಡಿ ಯೋಚಿಸುವ ದೃಶ್ಯಗಳಲ್ಲಿ ಇರುವ ಆತ್ಮೀಯತೆ, ಬಲವಂತಕ್ಕೆ ತಂದ ಪ್ರಣಯದ ದೃಶ್ಯಗಳಲ್ಲಿ ಇಲ್ಲ. ಬರಹಗಾರರು ಆ ದಾರಿಯನ್ನು ಕಂಡಿದ್ದರು, ಆದರೆ ತಡವಾಗಿ ಹಿಡಿದರು.

ಕೊನೆಯ ಕಂತಿನ ನೊಬೆಲ್ ಭಾಷಣ ಎರಡೂ ಗುಂಪಿನವರ ಕಣ್ಣು ಒದ್ದೆ ಮಾಡಿತು. ಶೆಲ್ಡನ್ ಬರೆದುಕೊಂಡು ಬಂದ ಭಾಷಣ ಬದಿಗಿಟ್ಟು ಗೆಳೆಯರನ್ನು ಒಬ್ಬೊಬ್ಬರಾಗಿ ಎದ್ದು ನಿಲ್ಲಲು ಹೇಳುತ್ತಾನೆ. ಇದನ್ನೆಲ್ಲ ನಾನೊಬ್ಬನೇ ಮಾಡಿದೆ ಅಂದುಕೊಂಡಿದ್ದೆ, ಅದು ತಪ್ಪು ಅನ್ನುತ್ತಾನೆ. ಏಮಿಯನ್ನೂ ನೆನೆಯುತ್ತಾನೆ, ಆದರೆ ಮಾತು ಗಂಡ ಹೆಂಡತಿಯದ್ದಲ್ಲ. ಹನ್ನೆರಡು ವರ್ಷ ಅವನನ್ನು ಸಹಿಸಿಕೊಂಡು, ಅವನ ಸೋಫಾ ಜಾಗ ಬಿಟ್ಟುಕೊಟ್ಟು, ಕಾರಲ್ಲಿ ಕರೆದುಕೊಂಡು ಹೋಗಿ, ಊಟ ಹಂಚಿಕೊಂಡವರದ್ದು. ಒಂಟಿ ಮನುಷ್ಯನ ಬದುಕಲ್ಲೂ ಇಷ್ಟು ಪ್ರೀತಿ ಇರುತ್ತದೆ ಅಂತ ಮೊದಲ ಮೂರು ಸೀಸನ್ ಹೇಳುತ್ತಿದ್ದದ್ದು ಇದನ್ನೇ ಅಲ್ವಾ?

ಈಗ ಕನ್ನಡದಲ್ಲೂ ಚಿಕ್ಕ ಚಿಕ್ಕ ವೆಬ್ ಸರಣಿಗಳು ಬರುತ್ತಿವೆ. ಬೆಂಗಳೂರಿನ ದೊಡ್ಡ ಚಾನೆಲ್ ಇಲ್ಲದೆಯೂ, ಫೋನಿನಲ್ಲೇ ಶೂಟ್ ಮಾಡಿ, ನಮ್ಮ ಭಾಷೆಯಲ್ಲೇ ಹಾಸ್ಯ ಮಾಡುವ ಹುಡುಗರು ನಮ್ಮ ಕಡೆಯ ಜಿಲ್ಲೆಗಳಲ್ಲೂ ಇದ್ದಾರೆ. ಅವರಿಗೆ ವಾರದ ಟಿಆರ್‌ಪಿಯ ಹಂಗಿಲ್ಲ, ವರ್ಷಕ್ಕೆ 24 ಕಂತು ತುಂಬಿಸುವ ಒತ್ತಡವೂ ಇಲ್ಲ. ಅವರು ಬರೆಯುವುದಾದರೆ ಗಂಗಾವತಿಯ ಒಬ್ಬ ಕಾಕಾನನ್ನು ಬರೆಯಲಿ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು, ಮದುವೆಯಾಗದವನು, ಸಂಜೆ ಹೊಳೆ ದಂಡೆಗೆ ಹೋಗಿ ಕೂರುವವನು, ಅಣ್ಣನ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು, ಎಲ್ಲರ ಮೇಲೂ ರೇಗುವವನು. ಅವನ ಹಳೆಯ ಪೆಟ್ಟಿಗೆಯಲ್ಲಿ ಯಾವ ಹುಡುಗಿಯ ಫೋಟೋವೂ ಸಿಗದಿರಲಿ. ಐವತ್ತನೇ ಕಂತಿಗೆ ಎದುರುಮನೆಗೆ ಯಾವ ಟೀಚರಮ್ಮನೂ ಬಾಡಿಗೆಗೆ ಬರದಿರಲಿ. ಬಂದರೂ ಆಕೆ ಅವನ ಜೊತೆ ಕೂತು ಚಹಾ ಕುಡಿದು, ನೀರಿನ ಬಿಲ್ಲಿಗಾಗಿ ಜಗಳ ಆಡಿ, ತನ್ನ ಮನೆಗೆ ಹೋಗಲಿ.